ಹನ್ನೊಂದು ದಿನದ ನೀರು

ಶಹಾಪುರದಿಂದ ಅಮ್ಮ ಫೋನ್ ಮಾಡಿ, ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಯಿತು ಎಂದಾಗ ನನಗೆ ಮೊದಲು ನೆನಪಾದದ್ದು ತೊಟ್ಟಿಯ ನೀರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಏಪ್ರಿಲ್ ತಿಂಗಳಲ್ಲಿ, ಸುರಪುರದಂಥ ಊರಿನಲ್ಲಿ, ಸಮುದ್ರದ ಜೀವಗಳನ್ನು ಗಾಜಿನೊಳಗೆ ಇಟ್ಟುಕೊಂಡವಳಿಗೆ ಬೆಳಗಾಗುವುದೇ ನೀರು ಎಷ್ಟು ಇಳಿಯಿತು ಎಂದು ನೋಡುವುದರಿಂದ.

ನಮ್ಮ ಪಡಸಾಲೆಯ ತೊಟ್ಟಿ ಮೂರು ಅಡಿ ಉದ್ದದ್ದು, ಸುಮಾರು ಇನ್ನೂರು ಲೀಟರ್ ಹಿಡಿಯುತ್ತದೆ. ನೀರು ತಣ್ಣಗಿರಲೆಂದು ಮೇಲೆ ಎರಡು ಸಣ್ಣ ಫ್ಯಾನ್ ಕಟ್ಟಿದ್ದೇನೆ. ಆ ಗಾಳಿಗೆ, ಹೊರಗಿನ ಝಳಕ್ಕೆ, ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಲೀಟರ್ ಆವಿಯಾಗಿ ಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಗಾಜಿನ ಮೇಲೆ ನಾನು ಎಳೆದಿದ್ದ ಕರಿ ಗೆರೆಯವರೆಗೆ ಉಪ್ಪಿಲ್ಲದ ಶುದ್ಧ ನೀರು ತುಂಬಬೇಕು. ನಮ್ಮ ಬೋರಿನ ನೀರು ನಡೆಯುವುದಿಲ್ಲ. ಬಕೆಟ್ಟಿನ ಅಂಚಿಗೆ ಅದು ಸುಣ್ಣ ಬಳಿದಂತೆ ಕಟ್ಟಿಕೊಳ್ಳುತ್ತದೆ. ಅಡುಗೆಮನೆಯ ಹಿಂದಿನ ಗೋಡೆಗೆ ನೀರು ಶುದ್ಧ ಮಾಡುವ ಮಶೀನು ಇದೆ. ಅದರ ಸಣ್ಣ ಪೈಪಿನಿಂದ ಸೋರಿದ ನೀರು ಒಂದು ಬಿಳಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬುತ್ತದೆ. ಆ ನೀರಿನಲ್ಲಿ ಸುಣ್ಣವಿಲ್ಲ, ಉಪ್ಪಿಲ್ಲ, ರುಚಿಯೂ ಇಲ್ಲ. ಅಂಥ ಖಾಲಿ ನೀರು ತಾನು ಮುಟ್ಟಿದ ಪಾತ್ರೆಯಿಂದಲೇ ಏನಾದರೂ ಎಳೆದುಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದೆ. ಓದಿ, ತಲೆಯಾಡಿಸಿ, ಪುಟ ತಿರುವಿದ್ದೆ.

ತೊಟ್ಟಿಯಲ್ಲಿ ಮರಳು, ಕಲ್ಲು, ಕೆಲವು ಮೀನು, ಬಸವನಹುಳು, ಒಂದು ಸೀಗಡಿ; ನಡುವೆ ಇದ್ದದ್ದು ಗಾರ್ಗೋನಿಯನ್ ಹವಳ. ಹವಳವೆಂದರೆ ಉಂಗುರದ ಕೆಂಪು ಕಲ್ಲು ಎಂದುಕೊಂಡವರು ಇದನ್ನು ನೋಡಿದರೆ ಗಿಡ ಎನ್ನುತ್ತಾರೆ. ಬದನೆಕಾಯಿ ಬಣ್ಣದ ಬಳುಕುವ ಕಡ್ಡಿಗಳು, ಕಡ್ಡಿಯ ಮೈತುಂಬ ಸಾಸಿವೆ ಗಾತ್ರದ ತೂತುಗಳು, ಒಂದೊಂದು ತೂತಿನಿಂದ ಒಂದೊಂದು ತಿಳಿಗಂದು ಹೂವು. ಆ ಹೂವೇ ಪ್ರಾಣಿ, ಪಾಲಿಪ್ ಎನ್ನುತ್ತಾರೆ. ಅದಕ್ಕೆ ಎಂಟು ಎಸಳು, ಎಸಳಿನ ಅಂಚಿಗೆ ಹಕ್ಕಿಯ ಗರಿಯಂತೆ ಸೀಳು. ಭೂತಗನ್ನಡಿ ಹಿಡಿದು ಎಣಿಸಿದ್ದೇನೆ. ನಮ್ಮ ದೇಶದ ಸಮುದ್ರದಿಂದ ಇದನ್ನು ಕಿತ್ತು ತರುವಂತಿಲ್ಲ, ಕಾನೂನು ಬಿಡುವುದಿಲ್ಲ. ನನ್ನದು ಹೊರದೇಶದ ತೊಟ್ಟಿಯಲ್ಲೇ ಹುಟ್ಟಿ ಬೆಳೆದು ಕಾಗದಪತ್ರದ ಜೊತೆ ಬಂದದ್ದು. ಯಾದಗಿರಿಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಅಂಗಡಿ ಹಾಕಿಕೊಂಡವರೊಬ್ಬರು ಅದನ್ನು ಕೊಟ್ಟಾಗ ನನ್ನ ಕಿರುಬೆರಳಿನಷ್ಟಿತ್ತು. ನಾಲ್ಕು ವರ್ಷದಲ್ಲಿ ಒಂದೂವರೆ ಗೇಣು ಎತ್ತರ ಬೆಳೆದು ಹದಿನಾಲ್ಕು ಕವಲು ಒಡೆದಿತ್ತು.

ಅತ್ತೆ ಮೊದಲು ನಕ್ಕಿದ್ದರು. ಪಕ್ಕದ ಮನೆಯವರು ಬಂದು ಕುಳಿತಾಗ, "ಉಪ್ಪನೀರಾಗ ಮಂದಿ ಮಾವಿನಕಾಯಿ ಹಾಕ್ತಾರ, ನಮ್ಮ ಸೊಸಿ ಕಡ್ಡಿ ಹಾಕ್ಯಾಳ. ಯಾವಾಗ ತಿನಿಸ್ತಾಳೋ ಏನೋ" ಎಂದು ಚಾಷ್ಟಿ ಮಾಡುತ್ತಿದ್ದರು. ಆಮೇಲೆ ಯಾವಾಗಲೋ ಅದು ಬದಲಾಯಿತು. ಬೆಳಿಗ್ಗೆ ಒಂಬತ್ತಕ್ಕೆ ತೊಟ್ಟಿಯ ದೀಪ ಹಚ್ಚಿದರೆ ಅರ್ಧ ತಾಸಿನಲ್ಲಿ ಪಾಲಿಪ್‌ಗಳು ಒಂದೊಂದಾಗಿ ಹೊರಬರುತ್ತವೆ. ಅತ್ತೆ ಆ ಹೊತ್ತಿಗೆ ಸರಿಯಾಗಿ ಚಹಾ ಬಟ್ಟಲು ಹಿಡಿದು ಸ್ಟೂಲಿನ ಮೇಲೆ ಕೂಡುತ್ತಿದ್ದರು. "ಎದ್ದಾವ ನೋಡು. ಎಲ್ಲಾ ಕೈ ಚಾಚ್ಯಾವ. ಏನರ ಹಾಕ್ತೀಯೋ, ಹಂಗಾ ನೋಡಕೋತ ನಿಲ್ತೀಯೋ?" ಎಂದು ನನ್ನನ್ನು ಗದರುತ್ತಿದ್ದರು. ಮನೆಯವರಿಗೆ ನಾರಾಯಣಪುರದ ಆಫೀಸಿನಲ್ಲಿ ಕೆಲಸ, ಅಲ್ಲಿಯೇ ಕ್ವಾರ್ಟರ್ಸು. ಶನಿವಾರ ಮನೆಗೆ ಬಂದರೆ ಸೋಮವಾರ ಹೊರಟುಬಿಡುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ, ಮತ್ತು ಬೆಳಿಗ್ಗೆ ಕೈ ಚಾಚುವ ಆ ಸಾವಿರಾರು ಸಣ್ಣ ಜೀವಗಳು.

ನಾನು ಅಮ್ಮನಿಗೆ ಒಬ್ಬಳೇ ಮಗಳು. ಹೋಗಲೇಬೇಕು. ಹನ್ನೊಂದು ದಿನ.

ಹೋಗುವ ಹಿಂದಿನ ದಿನ ಅತ್ತೆಗೆ ಎಲ್ಲ ತೋರಿಸಿದೆ. ಮೀನಿನ ಊಟ ಇಷ್ಟು, ಚಿಟಿಕೆ ದೊಡ್ಡದಾಗಬಾರದು. ಕರೆಂಟು ಹೋದರೆ ಬ್ಯಾಟರಿಯ ಮೇಲೆ ನೀರು ತಿರುಗಿಸುವ ಪಂಪು ತಾನೇ ಓಡುತ್ತದೆ, ಮುಟ್ಟಬೇಡಿ. ಆಮೇಲೆ ನೀರು. ಕಾನ್ವೆಂಟಿನಲ್ಲಿ ಓದುವಾಗ ಯಾವ ಕೆಲಸವನ್ನೂ ಬಾಯಿಮಾತಿಗೆ ಬಿಡಬಾರದು, ಬರೆದಿಡಬೇಕು ಎಂದು ಕಲಿಸಿದ್ದರು. ಅಂದವಾದ ಅಕ್ಷರದಲ್ಲಿ ಚೀಟಿ ಬರೆದು ತೊಟ್ಟಿಯ ಪಕ್ಕಕ್ಕೆ ಅಂಟಿಸಿದೆ: ದಿನಾ ಬೆಳಿಗ್ಗೆ, ಕರಿ ಗೆರೆಯವರೆಗೆ, ಮಶೀನಿನ ನೀರು ಮಾತ್ರ. 'ಮಾತ್ರ' ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಅತ್ತೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. "ನೀ ಹೋಗು, ನಿಮ್ಮವ್ವನ ಕಣ್ಣ ನೋಡ್ಕೋ. ಬೋನಾಳದ ಕೆರಿ ದಂಡಿಮ್ಯಾಲ ಹುಟ್ಟಿದಾಕಿಗೆ ನೀರ ಹಾಕೂದು ಕಲಸ್ತೀಯೇನು?" ಎಂದರು.

ಶಹಾಪುರದಲ್ಲಿ ಅಮ್ಮನಿಗೆ ಎರಡು ತಾಸಿಗೊಮ್ಮೆ ಕಣ್ಣಿಗೆ ಹನಿ ಹಾಕಬೇಕಿತ್ತು. ದಿನಾ ಸಂಜೆ ಅತ್ತೆಗೆ ಫೋನ್ ಮಾಡುತ್ತಿದ್ದೆ. ಮೊದಲ ಆರು ದಿನ ಎಲ್ಲ ಚೆನ್ನಾಗಿತ್ತು. ಏಳನೆಯ ದಿನ ಅತ್ತೆಯ ದನಿ ಸ್ವಲ್ಪ ಇಳಿದಿತ್ತು.

"ಮುಚಗೊಂಡಾವ ಯವ್ವಾ. ಮುಂಜಾನಿಂದ."

ವಿಡಿಯೋ ಹಚ್ಚಲು ಹೇಳಿದೆ. ಅರ್ಧ ಪರದೆಯಲ್ಲಿ ಅತ್ತೆಯ ಹೆಬ್ಬೆರಳು, ಗಾಜಿನಲ್ಲಿ ಅವರ ಬಿಳಿ ಕೂದಲಿನ ನೆರಳು, ಅದರ ಹಿಂದೆ ಬೋಳು ಕಡ್ಡಿಗಳು. ನನಗೆ ಗಾಬರಿಯಾಗಲಿಲ್ಲ. ಗಾರ್ಗೋನಿಯನ್ ಆಗಾಗ ಹೀಗೆ ಮಾಡುತ್ತದೆ. ಕೆಲವು ದಿನ ಮುಚ್ಚಿಕೊಂಡು ಮೈಮೇಲೆ ಮೇಣದಂಥ ತೆಳು ಪೊರೆ ಬೆಳೆಸುತ್ತದೆ; ಪಾಚಿ, ಧೂಳು ಎಲ್ಲ ಅದಕ್ಕೆ ಹತ್ತುತ್ತದೆ; ನೀರಿನ ಹರಿವಿಗೆ ಪೊರೆ ಕಳಚಿ ಹೋದಮೇಲೆ ಮೊದಲಿಗಿಂತ ಚೆಲುವಾಗಿ ಅರಳುತ್ತದೆ.

"ಮೈ ಬಿಡಾಕತ್ತದರಿ ಅತ್ತಿ. ಹಿಂಗ ಆಗತಿರತದ."

"ಹಾವಿನಂಗ ಪೊರಿ ಬಿಡ್ತದೇನು?"

"ಹೌದ್ರಿ, ಹಂಗಾ."

"ಹಂಗಾದ್ರ ಚೊಲೊ. ನಾ ಮತ್ತ ಏನರ ಕಮ್ಮಿ ಮಾಡೀನೇನೋ ಅಂತ ಜೀವ ಹೊಡಕೊಳಾಕತ್ತಿತ್ತು."

ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸು. ಪಕ್ಕದ ಮನೆಯವರಿಗೆ ಒಂದು ಸಲದ ಹನಿ ಹಾಕಲು ಹೇಳಿ ಹೋಗಿ ಬರಬಹುದಿತ್ತು. ಹೋಗಲಿಲ್ಲ. ಆ ದಿನ ಹೋಗಿದ್ದರೆ ಇನ್ನೂ ನಾಲ್ಕು ದಿನದ ನೀರು ತಪ್ಪುತ್ತಿತ್ತು.

ಹಿಂದಿರುಗಿದ ದಿನ ಚಪ್ಪಲಿ ಬಿಟ್ಟು ನೇರ ತೊಟ್ಟಿಯ ಮುಂದೆ ನಿಂತೆ. ನೀರು ಗೆರೆಗೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಿಂತಿತ್ತು. ಗಾಜು ಒರೆಸಿ ಹೊಳೆಯುತ್ತಿತ್ತು. ಮೀನುಗಳು ಎಂದಿನಂತೆ ನನ್ನ ಕೈ ಕಂಡು ಮೇಲೆ ಬಂದವು. ಹವಳ ಮಾತ್ರ ಮುಚ್ಚಿತ್ತು. ಡ್ರಾಪರಿನಿಂದ ಕಡ್ಡಿಗಳ ಮೇಲೆ ಮೆಲ್ಲಗೆ ನೀರು ಊದಿದೆ. ಪೊರೆಯಿದ್ದರೆ ಹೀಗೆ ಊದಿದಾಗ ಈರುಳ್ಳಿ ಸಿಪ್ಪೆಯಂತೆ ಎದ್ದು ಹೋಗುತ್ತದೆ. ಏನೂ ಏಳಲಿಲ್ಲ. ನೋಟುಬುಕ್ಕಿನಲ್ಲಿ ಬರೆದೆ: "ಪೊರೆ ಇಲ್ಲ." ಬರೆದೆ, ಅದರ ಅರ್ಥ ಹುಡುಕಲಿಲ್ಲ. ಪಂಪಿನ ಮುಖವನ್ನು ಹವಳದ ಕಡೆ ಸ್ವಲ್ಪ ತಿರುಗಿಸಿ, ಕಾಯೋಣ ಎಂದುಕೊಂಡೆ. ತೊಟ್ಟಿ ಸಾಕುವವರು ಕಲಿಯುವ ಮೊದಲ ಪಾಠವೇ ಅವಸರ ಮಾಡಬಾರದು ಎಂಬುದು. ಅದೊಂದು ಪಾಠವನ್ನು ಆ ಸಲ ತಪ್ಪಾದ ಜಾಗದಲ್ಲಿ ಪಾಲಿಸಿದೆ.

ಐದು ದಿನ ಕಾದೆ. ದಿನಾ ಪರೀಕ್ಷೆ ಮಾಡಿದೆ. ಉಪ್ಪಿನ ಅಂಶ ಸರಿ. ಕ್ಯಾಲ್ಸಿಯಂ ಸರಿ. ಕ್ಷಾರ ಸರಿ. ಬಿಸಿ ಇಪ್ಪತ್ತೆಂಟು ಡಿಗ್ರಿ. ತುಸು ಹೆಚ್ಚು, ಆದರೆ ಹಿಂದಿನ ಬೇಸಿಗೆಗಳಲ್ಲಿ ಅದು ತಡೆದುಕೊಂಡಿತ್ತು. ಸಣ್ಣ ಗಾಜಿನ ಬಾಟಲಿಗಳಲ್ಲಿ ಹನಿ ಎಣಿಸಿ ಬಣ್ಣ ನೋಡುವಾಗ ಎಲ್ಲ ಬಣ್ಣವೂ ಪಟ್ಟಿಯಲ್ಲಿದ್ದಂತೆಯೇ ಬರುತ್ತಿತ್ತು. ಮೂರನೆಯ ದಿನ ಒಂದು ಬಸವನಹುಳು ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಎತ್ತಿ ಸರಿಯಾಗಿ ಕೂರಿಸಿದೆ. ಮರುದಿನ ಅದೇ ಜಾಗದಲ್ಲಿ ಹಾಗೆಯೇ ಬಿದ್ದಿತ್ತು, ಬಾಯಿಯ ಮುಚ್ಚಳ ಬಿಟ್ಟುಕೊಂಡು. ಐದನೆಯ ದಿನ ಬೆಳಿಗ್ಗೆ ಹವಳದ ಬುಡದಲ್ಲಿ ನೇರಳೆ ಚರ್ಮ ಸುಲಿದು, ಒಳಗಿನ ಕಪ್ಪು ನಾರು ಅಕ್ಕಿಕಾಳಿನಷ್ಟು ಕಂಡಿತು. ಆಗ ಹೈದರಾಬಾದಿಗೆ ಫೋನ್ ಮಾಡಿದೆ.

ಅಂಗಡಿಯವರು ಎಲ್ಲ ಕೇಳಿಸಿಕೊಂಡರು. "ಲೈಟ್ ಬದ್ಲಿ ಮಾಡೀರೇನ್ರಿ ಅಕ್ಕಾರ?"

"ಇಲ್ರಿ."

"ಬಸವನಹುಳು ಹ್ಯಾಂಗ ಅವ?"

"ಎರಡು ಸತ್ತಾವರಿ. ಒಂದು ಕುಂತಲ್ಲೇ ಕುಂತದ."

"ಸೀಗಡಿ ಇತ್ತಲ್ಲ, ಕೆಂಪು ಪಟ್ಟೀದು?"

"ಕಾಣವಲ್ದರಿ."

ಸದಾ 'ಫಿಕರ್ ಮಾಡಬ್ಯಾಡ್ರಿ' ಎನ್ನುವ ಮನುಷ್ಯ ಆ ಮಾತು ಅನ್ನಲಿಲ್ಲ. "ಮೀನ ಬದಕ್ಯಾವ, ಬೆನ್ನೆಲುಬಿಲ್ಲದ್ದೆಲ್ಲಾ ಸಾಯಾಕತ್ತಾವ. ಅಕ್ಕಾರ, ತಾಮ್ರ ಏನರ ಒಳಗ ಬಿದ್ದದ ನೋಡ್ರಿ ಜಲ್ದಿ. ನಾಣ್ಯ, ವಾಯರು, ಪಂಪಿನ ತುಂಡು, ಏನರ."

ಅರ್ಧ ದಿನ ಹುಡುಕಿದೆ. ಪಂಪುಗಳನ್ನು ಬಿಚ್ಚಿ ನೋಡಿದೆ, ವಾಯರಿನ ಮೈ ಬೆರಳಿನಿಂದ ಸವರಿದೆ, ಮರಳನ್ನು ಜರಡಿಯಲ್ಲಿ ಹಿಡಿದೆ. ಏನೂ ಇಲ್ಲ. ಉಳಿದದ್ದು ತುಂಬಿದ ನೀರೊಂದೇ. ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. ತೊಟ್ಟಿಯ ವಿಷಯವೆಂದು ಅನ್ನಲಿಲ್ಲ, ಮಾತಿಗೆ ಮಾತು ಎಂಬಂತೆ ಕೇಳಿದೆ.

"ನಾ ಇಲ್ಲದಾಗ ಡ್ರಮ್ಮಿನ ನೀರ ಸಾಲ್ತೇನ್ರಿ ಅತ್ತಿ?"

ಅತ್ತೆಯ ಮುಖ ಅರಳಿತು. ಹೇಳಬೇಕೆಂದು ಕಾದಿದ್ದವರಂತೆ ಹೇಳಿದರು. "ಆ ಡ್ರಮ್ಮಿನ ನೀರು ಪ್ಲಾಸ್ಟಿಕ್ ವಾಸನಿ ಹೊಡೀತಿತ್ತು ಯವ್ವಾ. ಜೀವ ಇದ್ದದ್ದಕ್ಕ ಅಂಥಾದ್ದು ಹ್ಯಾಂಗ ಹಾಕಲಿ? ನೀ ಅಂದಂಗ ಮಶೀನಿನ ನೀರಾ ಹಿಡದೆ ಮತ್ತ, ಬ್ಯಾರೆ ಹಾಕಿಲ್ಲ. ನಮ್ಮ ತಾಮ್ರದ ಕೊಡ ತಗದು, ಹುಣಸಿಹಣ್ಣು ಹಚ್ಚಿ ಫಳಫಳ ತಿಕ್ಕಿ, ಅದರಾಗ ತುಂಬಿಡತಿದ್ದೆ. ಮುಂಜಾನಿ ಎದ್ದ ಕೂಡಲೆ ಅದಾ ನೀರು. ಚೀಟ್ಯಾಗ ಬರದಂಗ, ಗೆರಿ ಮಟ."

ಆ ಕೊಡ ಅವರು ಬೋನಾಳದಿಂದ ಮದುವೆಯಾಗಿ ಬರುವಾಗ ತಂದದ್ದು. ಹಬ್ಬದ ದಿನ ಬಿಟ್ಟರೆ ಕೆಳಗೆ ಇಳಿಯುವುದಿಲ್ಲ. ನಾನು ಅಡುಗೆಮನೆಯ ಮೇಲಿನ ಹಲಗೆ ನೋಡಿದೆ. ಅದು ಅಲ್ಲಿ ಮತ್ತೆ ಮಗುಚಿ ಕೂತಿತ್ತು, ಬುಡ ಕಿತ್ತಳೆಯಂತೆ ಹೊಳೆಯುತ್ತ. ದಿನಾ ಹುಳಿಯಲ್ಲಿ ತಿಕ್ಕಿದ ತಾಮ್ರ, ಅದರಲ್ಲಿ ರಾತ್ರಿಯೆಲ್ಲ ನಿಂತ ಖಾಲಿ ನೀರು, ದಿನಕ್ಕೆ ನಾಲ್ಕು ಲೀಟರ್, ಹನ್ನೊಂದು ದಿನ. ಮನೆಯಲ್ಲಿದ್ದ ಅತ್ಯುತ್ತಮ ಪಾತ್ರೆಯನ್ನು ಅವರು ಇಳಿಸಿದ್ದರು.

"ಚೊಲೊ ಮಾಡೀರಿ ಅತ್ತಿ," ಎಂದೆ.

ಮನೆಯವರಿಗೆ ಫೋನಿನಲ್ಲಿ ಹೇಳಿದೆ. "ಅವ್ವಗ ಹೇಳಬ್ಯಾಡ. ಆಕಿ ಮನಸಿಗೆ ಹಚಗೋತಾಳ. ಬಿಸಿಲಿಗೆ ಹೋತು ಅಂದುಬಿಡು," ಎಂದರು. ಹೂಂ ಎಂದೆ.

ಮರುದಿನ ಹೈದರಾಬಾದಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಬಂತು. ತಾಮ್ರ ಪರೀಕ್ಷಿಸುವ ಬಾಟಲಿ, ತಾಮ್ರ ಹೀರುವ ದಪ್ಪ ಬಟ್ಟೆಯಂಥ ತುಂಡು, ಎರಡು ಕಿಲೋ ಇದ್ದಿಲ ಕಾಳು. ಬಾಟಲಿಯಲ್ಲಿ ತೊಟ್ಟಿಯ ನೀರು ಹಾಕಿ ಹನಿ ಬಿಟ್ಟೆ. ತಾಮ್ರ ಇಲ್ಲದಿದ್ದರೆ ಬಣ್ಣ ಬರಬಾರದು. ನಿಧಾನಕ್ಕೆ, ತೊಳೆದ ಆಕಾಶದಂಥ ತಿಳಿನೀಲಿ ಬಂತು. ಅಷ್ಟು ಸುಂದರವಾದ ಬಣ್ಣ.

ಫಿಲ್ಟರಿನಲ್ಲಿ ಆ ತುಂಡು ಇಟ್ಟೆ. ಇದ್ದಿಲು ತೊಳೆದು ಚೀಲದಲ್ಲಿ ಕಟ್ಟಿ ಹಾಕಿದೆ. ದಿನಕ್ಕೆ ನಲವತ್ತು ಲೀಟರ್ ನೀರು ಬದಲಿಸುವುದು ಎಂದು ನಿಶ್ಚಯಿಸಿದೆ. ಆದರೆ ನಮ್ಮ ಮಶೀನು ತಾಸಿಗೆ ಒಂದೂವರೆ ಲೀಟರ್ ಸೋರುತ್ತದೆ, ಕರೆಂಟು ಮಧ್ಯಾಹ್ನ ಹೋದರೆ ಸಂಜೆಗೆ ಬರುತ್ತದೆ. ಸೋರಿದ ನೀರಿಗೆ ಸಮುದ್ರದ ಉಪ್ಪು ಕಲಸಿ ಒಂದು ದಿನ ತಿರುಗಲು ಬಿಡಬೇಕು, ಹಸಿಬಿಸಿ ನೀರು ಹಾಕುವಂತಿಲ್ಲ. ನಾನು ನಲವತ್ತು ಎಂದುಕೊಂಡದ್ದು ಇಪ್ಪತ್ತೈದಕ್ಕೆ ನಿಂತಿತು. ಮೂರು ದಿನ ಬದಲಿಸಿದ ಮೇಲೆ ಬಾಟಲಿಯ ನೀಲಿ ಮಸುಕಾಯಿತು. ನಾಲ್ಕನೆಯ ದಿನ ಮತ್ತೆ ಅಷ್ಟೇ ನೀಲಿ.

"ಒಳಗಿನ ಕಲ್ಲು ತಾಮ್ರ ಕುಡದಾವರಿ ಅಕ್ಕಾರ," ಎಂದರು ಅಂಗಡಿಯವರು. "ಮರಳೂ ಕುಡದದ. ನೀವು ನೀರ ಬದ್ಲಿ ಮಾಡಿದಂಗೆಲ್ಲ ಅವು ಕುಡದದ್ದು ಕಾರತಾವ. ಆ ತೊಟ್ಟಿ ಇನ್ನ ಹವಳಕ್ಕ ನಡ್ಯಂಗಿಲ್ಲ. ಹೇಳಾಕ ಬಾಯಿ ಬರವಲ್ದು. ತುದಿ ಏನರ ಜೀವಂತ ಅವೇನು?"

"ಅವರಿ. ಮ್ಯಾಗಿನ ಎರಡೆರಡು ಇಂಚು ಬಣ್ಣ ಹಂಗಾ ಅದ."

"ಹಂಗಾದ್ರ ಕೊಯ್ದುಬಿಡ್ರಿ. ಹೊಸಾ ನೀರು, ಹೊಸಾ ಬಕೆಟ್ಟು. ಹಳೇದು ಒಂದು ಹರಳೂ ಜೊತಿಗೆ ಹೋಗಬಾರದು."

ಗಾರ್ಗೋನಿಯನ್ ಅನ್ನು ಕತ್ತರಿಸಿ ಬೆಳೆಸುವುದು ಹೊಸದೇನಲ್ಲ, ಆರೋಗ್ಯವಾಗಿರುವ ಗಿಡದಿಂದ ಒಂದು ತುದಿ ಕತ್ತರಿಸಿದರೆ ತಾಯಿಗೂ ಏನಾಗುವುದಿಲ್ಲ, ತುಂಡೂ ಬದುಕುತ್ತದೆ. ಇಲ್ಲಿ ಹಾಗಲ್ಲ. ತುದಿಗಳನ್ನು ತೆಗೆದರೆ ಉಳಿಯುವ ಬುಡಕ್ಕೆ ಊಟ ತಯಾರಿಸುವ ಪಾಲಿಪ್‌ಗಳೇ ಇರುವುದಿಲ್ಲ. ಬಿಟ್ಟರೆ ಬುಡದಿಂದ ಏರುತ್ತಿರುವ ಕೊಳೆ ನಾಲ್ಕೈದು ದಿನದಲ್ಲಿ ತುದಿ ಮುಟ್ಟುತ್ತದೆ. ನಾಲ್ಕು ವರ್ಷದ ತಾಯಿಯನ್ನು ನಾನೇ ಕೊಲ್ಲಬೇಕು, ಇಲ್ಲವೇ ಎಲ್ಲ ಸಾಯುವುದನ್ನು ನೋಡಬೇಕು. ಒಂದು ದಿನ ಪೂರ್ತಿ ಯೋಚಿಸಿದೆ. ಆ ಒಂದು ದಿನದಲ್ಲಿ ಕೊಳೆ ಎರಡು ಕವಲಿನ ತುದಿಯನ್ನು ಮುಟ್ಟಿಯೇಬಿಟ್ಟಿತು.

ಬೆಳಿಗ್ಗೆ ಹತ್ತು ಗಂಟೆಗೆ, ಪಡಸಾಲೆಯಲ್ಲಿ ಬಿಸಿಲು ಚೆನ್ನಾಗಿ ಬಿದ್ದಾಗ ಕುಳಿತೆ. ಹೊಸ ಕತ್ತರಿ, ಬಿಸಿನೀರಿನಲ್ಲಿ ತೊಳೆದದ್ದು. ಚರ್ಮ ಕೆಟ್ಟ ಜಾಗದಿಂದ ಅರ್ಧ ಇಂಚು ಮೇಲಕ್ಕೆ, ಒಳ್ಳೆಯ ಮೈಯಲ್ಲೇ ಕತ್ತರಿಸಬೇಕು. ಮೊದಲ ಕಡ್ಡಿ ಕತ್ತರಿಸುವಾಗ ಹಸಿ ಹುರುಳಿಕಾಯಿ ಮುರಿದಂಥ ಸದ್ದು ಬರುತ್ತದೆ ಎಂದುಕೊಂಡಿದ್ದೆ. ಸದ್ದೇ ಬರಲಿಲ್ಲ. ಪ್ರತಿ ತುಂಡಿನ ಬುಡದ ಚರ್ಮವನ್ನು ಉಗುರಿನಿಂದ ಸ್ವಲ್ಪ ಸವರಿ ಒಳಗಿನ ನಾರು ಬಿಡಿಸಿದೆ. ಅಂಟು ಹಿಡಿಯುವುದು ಆ ಒಣ ನಾರಿಗೆ, ಚರ್ಮಕ್ಕೆ ಹಚ್ಚಿದರೆ ಕೊಳೆಯುತ್ತದೆ. ಹೊಸ ಕಲ್ಲಿನ ಚೂರುಗಳಿಗೆ ಒಂದೊಂದನ್ನೇ ನಿಲ್ಲಿಸಿ, ಹೊಸ ಬಕೆಟ್ಟಿನ ಹೊಸ ನೀರಿನಲ್ಲಿ ಇಳಿಸಿದೆ. ಒಂಬತ್ತು ತುಂಡು ಸಿಕ್ಕವು. ಒಂದು ಪುಟ್ಟ ಪಂಪು, ಒಂದು ದೀಪ.

ಅತ್ತೆ ಎದುರಿಗೇ ಸ್ಟೂಲಿನ ಮೇಲೆ ಕುಳಿತಿದ್ದರು. "ಯಾಕ ಕೊಯ್ಯಾಕತ್ತೀ? ಜೀವ ಅದ ಅಂತಿದ್ದೆಲ್ಲ."

"ಜೀವ ಇದ್ದದ್ದಷ್ಟಾ ತಗ್ಯಾಕತ್ತೇನ್ರಿ."

"ಏನಾಗ್ಯದ ಅದಕ?"

"ಬಿಸಿಲಿಗೆರಿ," ಎಂದೆ. ಅವರ ಮುಖ ನೋಡಲಿಲ್ಲ.

ಅವರು ಎದ್ದು ಅಡುಗೆಮನೆಗೆ ಹೋದರು. ಹಲಗೆಯಿಂದ ಏನೋ ಇಳಿಸಿದ ಸದ್ದಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಕೊಡ ಸೊಂಟಕ್ಕಿಟ್ಟು ನಿಂತಿದ್ದಾರೆ. "ತಡಿ, ಇದರಾಗ ತಣ್ಣನ್ನ ನೀರು ಹಿಡದು ಕೊಡ್ತೀನಿ. ಬಿಸಿಲಿಗೆ ಬಾಡಿದ್ದು ಎದ್ದು ಕೂಡ್ತಾವ."

"ಬ್ಯಾಡ!" ಎಂದು ಕೂಗಿದೆ. ಹದಿನಾರು ವರ್ಷದಲ್ಲಿ ಆ ಮನೆಯಲ್ಲಿ ನನ್ನ ದನಿ ಅಷ್ಟು ಮೇಲೆ ಹೋಗಿರಲಿಲ್ಲ. ಕತ್ತರಿ ಕೆಳಗೆ ಬಿತ್ತು. "ತರಬ್ಯಾಡ್ರಿ ಅದನ್ನ. ಬಕೆಟ್ಟಿನ ಹತ್ರ ಬರಬ್ಯಾಡ್ರಿ."

ಅತ್ತೆ ಕೊಡವನ್ನು ನೋಡಿದರು, ನನ್ನನ್ನು ನೋಡಿದರು. "ನನ್ನ ಕೈ ನೀರು ಬ್ಯಾಡಾತೇನು?" ಎಂದರು. ಸಿಟ್ಟಿರಲಿಲ್ಲ, ಕೇಳಿ ತಿಳಿದುಕೊಳ್ಳುವ ದನಿಯಿತ್ತು. ನಾನು ಬಗ್ಗಿ ಕತ್ತರಿ ಎತ್ತಿಕೊಂಡೆ. ಅವರು ಒಳಗೆ ಹೋದರು.

ಅದಾದ ಮೇಲೆ ಎರಡು ದಿನ ಅತ್ತೆ ಪಡಸಾಲೆಗೆ ಬರಲಿಲ್ಲ. ಚಹಾ ಅಡುಗೆಮನೆಯಲ್ಲೇ ನಿಂತು ಕುಡಿದರು. ಕುಡಿಯುವ ನೀರು ಬೇಕಾದರೆ ನನ್ನನ್ನು ಕರೆಯುತ್ತಿದ್ದರು, "ನೀನಾ ಕೊಡು" ಎಂದು. ನೀರಿನ ಪಾತ್ರೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಮಡಿ ಮೈಲಿಗೆಯ ಮಾತನ್ನು ಎಂದೂ ಆಡದ ಮನೆಯಲ್ಲಿ ನಾನು ಅವರನ್ನು ಹಾಗೆ ದೂರ ನಿಲ್ಲಿಸಿದ್ದೆ. ನೋವಾಗದಿರಲಿ ಎಂದು ಹೇಳಿದ ಸುಳ್ಳಿನಿಂದ ಆದದ್ದು ಇಷ್ಟು. ಬಕೆಟ್ಟಿನಲ್ಲಿ ಒಂಬತ್ತರಲ್ಲಿ ಆರು ಉಳಿದಿದ್ದವು. ಮೂರರ ಚರ್ಮ ಬೆಂದ ಬದನೆಕಾಯಿಯಂತೆ ಜಾರಿ ಹೋಗಿತ್ತು. ಉಳಿದವಕ್ಕೆ ಕೊಳೆ ಹತ್ತದಿರಲೆಂದು ಅವನ್ನು ತೆಗೆದು, ನೀರು ಬದಲಿಸಿ ಕುಳಿತಾಗ, ಇನ್ನು ಹೀಗೆ ಇರಲಾಗದು ಎನಿಸಿತು. ಮನೆಯವರಿಗೆ ಕೊಟ್ಟ ಮಾತು ಮುರಿದೆ.

ಅತ್ತೆ ಹಿತ್ತಲಲ್ಲಿ ಪುಂಡಿಪಲ್ಯೆಯ ಸೊಪ್ಪು ಬಿಡಿಸುತ್ತಿದ್ದರು. ಎಡಕ್ಕೆ ಎಲೆ, ಬಲಕ್ಕೆ ಕಡ್ಡಿ. ಎದುರಿಗೆ ಕುಳಿತು, ನಾನೂ ಒಂದು ಹಿಡಿ ತೆಗೆದುಕೊಂಡೆ.

"ಅತ್ತಿ, ಬಿಸಿಲಿಗಲ್ರಿ ಅದು ಹೋಗಿದ್ದು."

"ಮತ್ತ?"

"ತಾಮ್ರದ ನೀರು ಮನಷ್ಯಾಗ ಚೊಲೊ ಅಂತಾರ. ಇವಕ್ಕ ಅದು ವಿಷರಿ. ಚೂರ ಬಿದ್ರೂ ತಡಕೊಳ್ಳಂಗಿಲ್ಲ."

ಅವರ ಕೈ ನಿಲ್ಲಲಿಲ್ಲ. ಆದರೆ ಎಲೆಗಳು ಕಡ್ಡಿಯ ಕಡೆ ಬೀಳತೊಡಗಿದವು.

"ಮಜ್ಜಿಗಿ ಇಡಬಾರದು ಅದರಾಗ, ಹುಳಿ ಇಡಬಾರದು, ಅಷ್ಟ ಗೊತ್ತಿತ್ತು ನನಗ," ಎಂದರು. "ನೀರ ಏನ ಮಾಡ್ತದ ಅಂದೆ."

"ತಪ್ಪ ನಂದರಿ. ಯಾವ ಪಾತ್ರಿ ಅಂತ ಚೀಟ್ಯಾಗ ಬರೀಲೇ ಇಲ್ಲ ನಾ. ನಿಮಗ ಹ್ಯಾಂಗ ಗೊತ್ತಾಗಬೇಕು?"

ಅವರು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆರಳು ಮಡಿಸಿ ಏನೋ ಎಣಿಸುತ್ತಿದ್ದರು.

"ಹನ್ನೊಂದ ದಿನ," ಎಂದರು. "ಒಂದ ದಿನಾನೂ ತಪ್ಪಿಸಿಲ್ಲ ಯವ್ವಾ. ನಡುವ ಒಂದಿನ ಮೈಯಾಗ ಜ್ವರ ಬಂದಿತ್ತು, ನಿನಗ ಹೇಳಿಲ್ಲ. ಅವತ್ತೂ ಎದ್ದು ಹಾಕೇನಿ. ಮರತಿದ್ರ ಚೊಲೊ ಆಗತಿತ್ತೇನು?"

ಆಗುತ್ತಿತ್ತು. ನಾಲ್ಕು ದಿನ ಮರೆತಿದ್ದರೆ ಬಹುಶಃ ಅದು ಬದುಕುತ್ತಿತ್ತು. ನಾನು ಅದನ್ನು ಹೇಳಲಿಲ್ಲ. ಕಡ್ಡಿಯ ಕಡೆ ಬಿದ್ದ ಎಲೆಗಳನ್ನು ಆರಿಸಿ ಎಡಕ್ಕೆ ಹಾಕತೊಡಗಿದೆ.

ಮರುದಿನ ಬೆಳಿಗ್ಗೆ ಅತ್ತೆ ಪಡಸಾಲೆಗೆ ಬಂದರು. ಚಹಾ ಇರಲಿಲ್ಲ ಕೈಯಲ್ಲಿ. ಸ್ಟೂಲನ್ನು ತೊಟ್ಟಿಯ ಮುಂದಿನಿಂದ ಎತ್ತಿ ಬಕೆಟ್ಟಿನ ಪಕ್ಕಕ್ಕೆ ಇಟ್ಟುಕೊಂಡರು. "ಎಷ್ಟ ಅವ?"

"ಐದರಿ. ರಾತ್ರಿ ಮತ್ತೊಂದು ಹೋತು."

"ಏನ ಮಾಡಬೇಕು ಹೇಳು. ಬಾಯಿಲೆ ಹೇಳಬ್ಯಾಡ, ಮಾಡಿ ತೋರಸು."

ಅಂದಿನಿಂದ ಇಬ್ಬರೂ ಸೇರಿ ಮಾಡಿದೆವು. ಬೆಳಿಗ್ಗೆ ಮೂರು ಲೀಟರ್, ಸಂಜೆ ಮೂರು ಲೀಟರ್ ಬದಲಿ. ಎರಡು ನೀರಿನ ಬಿಸಿ ಒಂದೇ ಇರಬೇಕು. ಅತ್ತೆ ಥರ್ಮಾಮೀಟರ್ ಓದಲು ಕಲಿತರು. ಡ್ರಾಪರಿನಿಂದ ಊಟ ಕೊಡುವಾಗ ಪಂಪು ನಿಲ್ಲಿಸಬೇಕು, ಆಮೇಲೆ ಹಚ್ಚಲು ಮರೆಯಬಾರದು. ಅದಕ್ಕೆ ಅವರು ಮನಸ್ಸಿನಲ್ಲೇ ನೂರು ಎಣಿಸುತ್ತಿದ್ದರು. ಪ್ರತಿ ಸಲ ಯಾವುದಾದರೂ ಪಾತ್ರೆ ಎತ್ತುವ ಮೊದಲು ನನ್ನ ಕಡೆ ನೋಡುತ್ತಿದ್ದರು, ನಾನು ತಲೆಯಾಡಿಸಿದ ಮೇಲೆಯೇ ಎತ್ತುತ್ತಿದ್ದರು. ಆ ನೋಟ ನನಗೆ ಸಹಿಸಲಾಗುತ್ತಿರಲಿಲ್ಲ. ಶನಿವಾರ ಮನೆಯವರು ಬಂದು ಇಬ್ಬರನ್ನೂ ನೋಡಿ, ಎಲ್ಲ ತಿಳಿದು, ಮಶೀನಿನ ಹಳೆಯ ಫಿಲ್ಟರು ಬಿಚ್ಚಿ ಹೊಸದು ಹಾಕಿಕೊಟ್ಟು ಹೋದರು.

ಐದು, ಮೂರಾಯಿತು. ಮೂರು, ಒಂದಾಯಿತು.

ಆ ಒಂದು ತುಂಡು ಎಂಟು ದಿನ ನಿಂತಿತು. ಆರನೆಯ ದಿನ ಬೆಳಿಗ್ಗೆ ಅತ್ತೆ ಕೂಗಿದ ಕೂಗಿಗೆ ನಾನು ಒಲೆಯ ಮೇಲೆ ಹಾಲು ಬಿಟ್ಟು ಓಡಿಬಂದೆ. "ಎದ್ದದ! ಒಂದು, ಎರಡು, ಮೂರು. ನೋಡಿಲ್ಲೆ, ಮೂರು ಎದ್ದಾವ!" ತುದಿಯಲ್ಲಿ ಮೂರು ಪಾಲಿಪ್‌ಗಳು ಅರ್ಧ ಹೊರಬಂದಿದ್ದವು, ಗರಿ ಬಿಚ್ಚದೆ, ಮುಷ್ಟಿ ಸಡಿಲಿಸಿದ ಕೂಸಿನ ಕೈಯಂತೆ. ಇಬ್ಬರೂ ಹಾಲು ಉಕ್ಕಿ ಒಲೆ ಆರಿ, ಗ್ಯಾಸಿನ ವಾಸನೆ ಬರುವವರೆಗೂ ನೋಡಿದೆವು. ಮಧ್ಯಾಹ್ನಕ್ಕೆ ಅವು ಒಳಗೆ ಹೋದವು. ಮತ್ತೆ ಬರಲಿಲ್ಲ.

ಎಂಟನೆಯ ದಿನ ಕಡ್ಡಿಯ ನೇರಳೆ ಬೂದಿಯಾಗಿತ್ತು. ಪಂಪಿನ ಹರಿವಿಗೆ ಚರ್ಮದ ಒಂದು ಎಳೆ ಬಿಚ್ಚಿಕೊಂಡು ಅಲ್ಲಾಡುತ್ತಿತ್ತು.

"ಹೋತೇನು?"

"ಹೌದ್ರಿ."

"ನಾ ತಗೀಲೇನು?"

ನಾನು ತಲೆಯಾಡಿಸಿದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲೇರಿಸಿ, ಮಶೀನಿನ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡರು. ಬಕೆಟ್ಟಿಗೆ ಕೈ ಇಳಿಸಿ ಕಲ್ಲಿನ ಚೂರನ್ನು ಎರಡೂ ಕೈಯಿಂದ ಎತ್ತಿದರು. ಅಂಗೈ ಮೇಲೆ ಬಂದ ಕೂಡಲೇ ಚರ್ಮ ಪೂರ್ತಿ ಜಾರಿತು. ಉಳಿದದ್ದು ಕುದುರೆಯ ಬಾಲದ ಕೂದಲಿನಂಥ ಒಂದು ಕಪ್ಪು ನಾರು, ನೆಟ್ಟಗೆ ನಿಂತೇ ಇತ್ತು.

ಅತ್ತೆ ಅದನ್ನು ಬಹಳ ಹೊತ್ತು ನೋಡಿದರು.

"ಇದಕ್ಕ ನೋವು ಗೊತ್ತಾಗತಿತ್ತೇನು ಯವ್ವಾ?"

ನಾಲ್ಕು ವರ್ಷದಲ್ಲಿ ಅವರು ಆ ಹವಳದ ಬಗ್ಗೆ ಏನು ಕೇಳಿದರೂ ನಾನು ಹೇಳಿದ್ದೆ. ಹೇಗೆ ತಿನ್ನುತ್ತದೆ, ಯಾಕೆ ಮುಚ್ಚುತ್ತದೆ, ಎಷ್ಟು ವರ್ಷ ಬದುಕುತ್ತದೆ. ಗೊತ್ತಾಗುವುದಿಲ್ಲ ಎಂದು ಹೇಳಿದ್ದರೆ ಅವರು ನಂಬುತ್ತಿದ್ದರು.

"ನನಗ ಗೊತ್ತಿಲ್ರಿ ಅತ್ತಿ," ಎಂದೆ.

ಅವರು ಅಂಗೈಯನ್ನು ಮೆಲ್ಲಗೆ ಮುಚ್ಚಿಕೊಂಡರು. ಬಕೆಟ್ಟಿನ ಪುಟ್ಟ ಪಂಪು ಬರೀ ನೀರನ್ನು ತಿರುಗಿಸುತ್ತಲೇ ಇತ್ತು. ಅದನ್ನು ಆರಿಸಲು ನಮ್ಮಿಬ್ಬರಲ್ಲಿ ಯಾರೂ ಏಳಲಿಲ್ಲ.